ಪೂಜೆಗೆ ಕೂತ ಸಿಲಿಂಡರ್

ಬೆಂಕಿ ಆರಿಸೋ ಕೆಂಪು ಸಿಲಿಂಡರ್‌ಗಳಿಗೆ ಪುಡಿ ತುಂಬಿಸಿ ಕೊಡೋದು ನನ್ನ ಕೆಲಸ. ಆಯುಧಪೂಜೆ ದಿನ ದೊಡ್ಡಬಳ್ಳಾಪುರದ ಒಂದು ಮಗ್ಗದ ಶೆಡ್ಡಿಗೆ ಸಿಲಿಂಡರ್ ತಲುಪಿಸೋಕೆ ಹೋಗಿದ್ದೆ. ಮಾಲೀಕರು ನಂಜಪ್ಪನವರು ಅದಕ್ಕೂ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ ಮಗ್ಗಗಳ ಸಾಲಲ್ಲೇ ಪೂಜೆಗೆ ಕೂರಿಸಿದರು. ನನಗೆ ಹೆಮ್ಮೆಯೋ ಹೆಮ್ಮೆ!

ಮಂಗಳಾರತಿ ಎತ್ತುವಾಗ ತಟ್ಟೆಯಿಂದ ಉರಿಯೋ ಕರ್ಪೂರ ಜಾರಿ ಮಗ್ಗದಡಿಯ ನೂಲಿನ ಚಿಂದಿ ಮೇಲೆ ಬಿತ್ತು. ಭಗ್ ಅಂತು! ಕಪ್ಪು ಹೊಗೆ ಎದ್ದು ಎಲ್ಲರಿಗೂ ಕೆಮ್ಮು, ಕಣ್ಣುರಿ. "ಎಲ್ಲಾ ಹೊರಗೆ ಓಡಿ! ಬೆಂಕಿಗಿಂತ ಮೊದಲು ಹೊಗೆನೇ ಕೊಲ್ಲೋದು!" ಅಂತ ಕಿರುಚಿ ಸಿಲಿಂಡರ್‌ಗೆ ಕೈ ಹಾಕಿದೆ.

ನಂಜಪ್ಪನವರು ನನ್ನ ಕೈ ಹಿಡಿದೇಬಿಟ್ಟರು.

"ಏ, ಮುಟ್ಬೇಡಪ್ಪಾ! ಪೂಜೆಗಿಟ್ಟ ಆಯುಧ ಅದು. ನಾಳೆವರ್ಗೂ ಕೆಲಸಕ್ಕೆ ತಗೊಳಂಗಿಲ್ಲ!"

"ನಾಳೆವರ್ಗೂ ಶೆಡ್ಡು ಇರ್ಬೇಕಲ್ಲ ಸ್ವಾಮಿ!"

ಕೈ ಕೊಡವಿಕೊಂಡು, ಹಾರದ ಸಮೇತ ಎತ್ತಿ, ಪಿನ್ನು ಕಿತ್ತು ಒತ್ತಿದೆ. ಬುಸ್ ಅಂತ ಪುಡಿ ಹಾರಿ, ನೋಡ್ತಾ ನೋಡ್ತಾ ಬೆಂಕಿ ಆರಿಹೋಯ್ತು. ಇಷ್ಟು ವರ್ಷ ಬರೀ ತುಂಬಿಸಿ ಕೊಟ್ಟವನು ನಾನು. ನಿಜವಾದ ಬೆಂಕಿಗೆ ಒತ್ತಿದ್ದು ಅದೇ ಮೊದಲು!

ಹೊರಗೆ ಬಂದು ಕೆಮ್ಮು ನಿಂತ ಮೇಲೆ ನಂಜಪ್ಪನವರು ಖಾಲಿ ಸಿಲಿಂಡರ್‌ಗೆ ಕೈ ಮುಗಿದರು. "ಹಬ್ಬದ ದಿನ ದುಡಿಸ್ಕೊಂಡ್ಬಿಟ್ವಿ, ತಪ್ಪಾಯ್ತು ಅಂತ ಕೇಳ್ಕೋಬೇಕು" ಅಂದು ಹೆಂಡತಿ ಕಡೆ ತಿರುಗಿದರು. "ಲೇ, ಇನ್ನೊಂದು ಕರ್ಪೂರ ತಗೊಂಬಾ."

ಕರ್ಪೂರದ ಡಬ್ಬಿ ಅವರ ಕೈ ಸೇರೋ ಮುಂಚೆ ನಾನೇ ಕಿತ್ಕೊಂಡು ಜೇಬಿಗೆ ಹಾಕ್ಕೊಂಡೆ. ಈಗಲೂ ನಮ್ಮನೇಲೇ ಇದೆ. ವಾಪಸ್ ಕೊಡೋ ಧೈರ್ಯ ಇನ್ನೂ ಬಂದಿಲ್ಲ.