ಕಡಲಿಗೆ ಒಯ್ದ ಬುತ್ತಿ

ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವಳು ನಾನು. ಸುರಪುರದ ಶಾಲೆಯ ಗೋಡೆಗೆ ನೇತುಹಾಕಿದ ನಕಾಶೆಯ ಮೇಲೆ ಕೋಲಿಟ್ಟು, ಕೃಷ್ಣೆ ಎಲ್ಲಿ ಹುಟ್ಟುತ್ತಾಳೆ, ಯಾವ ಸಮುದ್ರ ಸೇರುತ್ತಾಳೆ ಎಂದು ಎಷ್ಟು ಮಕ್ಕಳ ಬಾಯಿಂದ ಹೇಳಿಸಿದ್ದೇನೋ ನೆನಪಿಲ್ಲ. ಪೂರ್ವದ ಬಂಗಾಳ ಕೊಲ್ಲಿ ಎನ್ನುವ ಬದಲು ಪಶ್ಚಿಮದ ಅರಬ್ಬೀ ಸಮುದ್ರ ಎಂದವರ ಕಿವಿ ಹಿಂಡಿದ್ದೇನೆ. ಅಂಥ ನಾನು ನಿವೃತ್ತಳಾದ ಮರುವರ್ಷ ನನ್ನ ದೊಡ್ಡವ್ವನಿಗೆ ಅದೇ ತಪ್ಪನ್ನು ಹೇಳಿ ನಂಬಿಸಿದೆ. ನನ್ನ ಕಿವಿ ಹಿಂಡುವವರು ಯಾರೂ ಇರಲಿಲ್ಲ.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ನಾನು ಏಳು ವರ್ಷದವಳಿದ್ದಾಗ ತಾಯಿ ಜ್ವರ ಬಂದು ತೀರಿಕೊಂಡಳು. ಆಗ ದೊಡ್ಡವ್ವ ನನ್ನನ್ನು ಸೊಂಟದ ಮೇಲೆ ಹೊತ್ತು ತಿಂಥಣಿಗೆ ಕರೆದುಕೊಂಡು ಹೋದಳು. ಏಳು ವರ್ಷದ ಹುಡುಗಿಯನ್ನು ಯಾರೂ ಸೊಂಟದ ಮೇಲೆ ಹೊರುವುದಿಲ್ಲ, ಅವಳು ಹೊತ್ತಳು. ಅವಳ ಮನೆ ಕೃಷ್ಣಾ ಹೊಳೆಯ ದಂಡೆಯ ಮೇಲೆ. ದೊಡ್ಡಪ್ಪ ಹರಗೋಲು ಹಾಕಿ ಜನರನ್ನು ಆಚೆ ದಂಡೆಗೆ ದಾಟಿಸುತ್ತಿದ್ದ. ಬುಟ್ಟಿಯ ಹಾಗೆ ದುಂಡಗಿರುವ ಆ ಹರಗೋಲಿನಲ್ಲಿ ಕೂತೇ ನಾನು ಮಗ್ಗಿ ಬಾಯಿಪಾಠ ಮಾಡಿದ್ದು. ಸೇತುವೆ ಬಂದ ಮೇಲೆ ದಾಟುವವರಿಲ್ಲ. ದೊಡ್ಡಪ್ಪ ಈಗ ಅದರಲ್ಲಿ ಕೂತು ಮೀನಿಗೆ ಬಲೆ ಹಾಕುತ್ತಾನೆ, ಬಲೆಗಿಂತ ಹೆಚ್ಚು ಬೀಡಿ ಎಳೆಯುತ್ತಾನೆ.

ಸುಳ್ಳಿನ ಸಂಗತಿಗೆ ಬರುತ್ತೇನೆ. ನಮ್ಮ ಕಡೆಯ ನಿವೃತ್ತ ಶಿಕ್ಷಕರು ಹತ್ತಾರು ಮಂದಿ ಸೇರಿ ಮುಂಬೈಯಿಂದ ಹಡಗು ಹತ್ತಿ ಅರಬ್ಬೀ ಸಮುದ್ರದ ಒಂದು ಸಣ್ಣ ದ್ವೀಪಕ್ಕೆ ಹೋಗಿಬರುವುದು ಎಂದು ಗೊತ್ತುಮಾಡಿದರು. ಒಂದು ಕೋಣೆಗೆ ಇಬ್ಬರು. ನನ್ನ ಯಜಮಾನರಿಗೆ ಶಹಾಪುರದ ಬಸ್ಸಿನಲ್ಲಿ ಕೂತರೇ ಹೊಟ್ಟೆ ತೊಳಸುತ್ತದೆ, ಹಡಗಿನ ಮಾತೇ ಬೇಡ ಎಂದರು. ನಾನು ತಿಂಥಣಿಗೆ ಹೋಗಿ ದೊಡ್ಡವ್ವನನ್ನು ಕರೆದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ನನಗ್ಯಾಕ ಬೇಕು ಹಡಗಾ? ನೀರಾಗ ಹುಟ್ಟಿ ನೀರಾಗ ಬೆಳದೀನಿ. ನಿಮ್ಮ ದೊಡ್ಡಪ್ಪಗ ಕೂಳು ಹಾಕೋರು ಯಾರು?"

"ನಮ್ಮ ಹೊಳಿ ಹೋಗಿ ಕೂಡೋ ಸಮುದ್ರ ನೋಡ್ದಂಗ ಆಗ್ತೈತಿ, ಬಾ ಬೇ" ಎಂದುಬಿಟ್ಟೆ.

ಮಾತು ಬಾಯಿಂದ ಜಾರಿತ್ತು. ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅವಳ ಕೈ ರೊಟ್ಟಿಯ ಮೇಲೆ ನಿಂತಿತ್ತು. "ಖರೇನಾ?" ಎಂದು ಕೇಳಿದಳು. ಆ ಮುಖ ನೋಡಿ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಯಾಕೆಂದರೆ ಆ ಮುಖದ ಹಿಂದಿನ ಆಸೆ ನನಗೆ ಗೊತ್ತಿತ್ತು. ಪ್ರತಿ ವರ್ಷ ಕೆಂಪು ಹೊಸ ನೀರು ಬಂದಾಗ ನಮ್ಮ ದಂಡೆಯ ಹೆಂಗಸರು ಹೊಳೆಗೆ ಉಡಿ ತುಂಬುತ್ತಾರೆ. ಗಂಡನ ಮನೆಗೆ ಹೊರಟ ಮಗಳಿಗೆ ಸೆರಗಿನಲ್ಲಿ ಅಕ್ಕಿ, ಕುಬಸದ ಖಣ, ಅರಿಷಿಣ ಬೇರು, ತೆಂಗಿನಕಾಯಿ ಹಾಕಿ ಕಳಿಸುವ ಹಾಗೆ. ದೊಡ್ಡವ್ವನ ತಕರಾರು ಒಂದೇ. ಇಷ್ಟು ವರ್ಷ ಉಡಿ ತುಂಬಿ ಕಳಿಸಿದ್ದೇವೆ, ಹೆಣ್ಣು ಕೊಟ್ಟ ಮನೆಗೆ ತವರಿನವರು ಬುತ್ತಿ ಕಟ್ಟಿಕೊಂಡು ಒಮ್ಮೆಯಾದರೂ ಹೋಗಿ ನೋಡಿಬರಬೇಕೋ ಬೇಡವೋ? ಹಾಗೆ ಹೋಗುತ್ತೇನೆಂದು ಅವಳು ಮೌನೇಶ್ವರನ ಮುಂದೆ ಹರಕೆಯನ್ನೂ ಹೊತ್ತಿದ್ದಳು. ಊರವರು ನಕ್ಕಿದ್ದರು. ಅವಳು ನಕ್ಕಿರಲಿಲ್ಲ.

ಅವಳ ತಯಾರಿ ಎಂಟು ದಿನ ನಡೆಯಿತು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ, ಕರ್ಚಿಕಾಯಿ. ಬೇರೆ ಗಂಟಿನಲ್ಲಿ ಉಡಿಯ ಸಾಮಾನು. ದೊಡ್ಡಪ್ಪ ಬೀಡಿ ಆರಿಸಿ, "ನಮ್ಮ ಹೊಳೆವ್ವನ ಕೇಳೀನಂತ ಹೇಳು" ಎಂದ. ನಿಜ ಹೇಳಿಬಿಡಲು ಅದೇ ಸರಿಯಾದ ಹೊತ್ತಾಗಿತ್ತು. ಹೇಳಲಿಲ್ಲ.

ಯಾದಗಿರಿಯಲ್ಲಿ ಮುಂಜಾನೆ ರೈಲು ಹತ್ತಿದೆವು. ದೊಡ್ಡವ್ವ ಕಿಟಕಿಯ ಪಕ್ಕ ಕೂತು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ನೋಡಿ ಏನೋ ಕೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಅವಳಿಗೆ ಊರು ಬಿಟ್ಟ ಬೇಸರ ಎಂದುಕೊಂಡೆ.

ಮುಂಬೈಯ ಬಂದರಿನಲ್ಲಿ ತಪಾಸಣೆಯವನು ಅವಳ ಗಂಟು ಬಿಚ್ಚಿಸಿದ. ಮನೆಯ ತಿನಿಸು ಹಡಗಿನೊಳಗೆ ಒಯ್ಯುವಂತಿಲ್ಲವಂತೆ. ಅವನು ರೊಟ್ಟಿಯೊಂದನ್ನು ಎತ್ತಿ ಮೇಜಿಗೆ ಬಡಿದು ನೋಡಿದ, ಟಣ್ ಎಂದಿತು. ದೊಡ್ಡವ್ವ ಸುರಪುರದ ಸಂತೆಯಲ್ಲಿ ಕಲಿತ ದಖನಿಯಲ್ಲಿ, "ಬೇಟೀ ಕೆ ಘರ್ ಕು ಜಾರೂಂ ಬಾಬಾ, ಖಾಲಿ ಹಾಥ್ ಕೈಸಾ ಜಾನಾ?" ಎಂದಳು. ಮಗಳ ಮನೆಗೆ ಬರಿಗೈಯಲ್ಲಿ ಹೇಗೆ ಹೋಗಲಿ ಎಂದು. ಮಗಳು ಎಲ್ಲಿದ್ದಾಳೆ ಎಂದು ಅವನು ಕೇಳಿದ. ಇವಳು ಕಿಟಕಿಯಾಚೆಯ ಸಮುದ್ರಕ್ಕೆ ಕೈ ತೋರಿಸಿದಳು. ಅವನು ದ್ವೀಪ ಎಂದುಕೊಂಡನೋ ಏನೋ, ಗಂಟು ತಾನೇ ಕಟ್ಟಿಕೊಟ್ಟು, ಹಡಗಿನಲ್ಲಿ ಬಿಚ್ಚಬೇಡಿ ಎಂದಷ್ಟೇ ಹೇಳಿ ಬಿಟ್ಟ.

ಹಡಗು ಎಂದರೆ ನಮ್ಮ ಸುರಪುರದ ಬಜಾರವನ್ನು ಏಳೆಂಟು ಮಹಡಿ ಪೇರಿಸಿ ನೀರಿಗೆ ಬಿಟ್ಟ ಹಾಗಿತ್ತು. ಲಿಫ್ಟು, ಈಜುಕೊಳ, ಹಾಡು, ಕುಣಿತ. ದೊಡ್ಡವ್ವ ಎಲ್ಲವನ್ನೂ ಕಣ್ಣರಳಿಸಿ ನೋಡಿದಳು. ಈಜುಕೊಳದ ಮುಂದೆ ನಿಂತು, "ಇಷ್ಟು ನೀರು ಸುತ್ತ ಇದ್ದರೂ ಮ್ಯಾಲ ಮತ್ತೊಂದು ಹೊಂಡ ಕಟ್ಯಾರಲ್ಲ, ಇವರಿಗೆ ಏನನ್ನಬೇಕು" ಎಂದು ನಕ್ಕಳು. ಸಂಜೆ ಮಾತ್ರ ಕಂಬಿ ಹಿಡಿದು ಬಹಳ ಹೊತ್ತು ನಿಂತಳು. ಸೂರ್ಯ ನಮ್ಮ ಕಣ್ಣೆದುರೇ ನೀರಿಗಿಳಿದ. ಅವಳು ಆ ಕಡೆಯೇ ನೋಡುತ್ತಿದ್ದಳು, ನಾನು ಅವಳ ಕಡೆ. ಭೂಗೋಳ ಗೊತ್ತಿದ್ದ ಯಾರಾದರೂ ಈ ಮುದುಕಿಯ ಹತ್ತಿರ ಬಂದು ಮಾತಾಡಿಸಿಯಾರು ಎಂಬ ಹೆದರಿಕೆ ನನಗೆ.

ಬಂದೇ ಬಂದರು. ಶಹಾಪುರದ ಹೆಡ್‌ಮಾಸ್ತರರು. ನಮ್ಮ ಗುಂಪಿನ ಮುಖಂಡರು, ಗೊತ್ತಿದ್ದದ್ದನ್ನು ಹೇಳದೆ ಇರಲಾರದ ಮನುಷ್ಯ. ಊಟದ ಮೇಜಿನಲ್ಲಿ ದೊಡ್ಡವ್ವನ ಹರಕೆಯ ಕಥೆ ಕೇಳಿದವರೇ ಚಮಚ ಕೆಳಗಿಟ್ಟು, "ಅಲ್ರೀ ಟೀಚರ್, ಕೃಷ್ಣಾ ನದಿ ಹೋಗಿ ಕೂಡೂದು..." ಎಂದು ಶುರುಮಾಡಿದರು. ಮೇಜಿನ ಕೆಳಗೆ ಅವರ ಕಾಲು ಒತ್ತಿ ತುಳಿದೆ. ಅವರು ಹಾ ಎಂದು ಬಾಯಿ ಬಿಟ್ಟರು.

"ಏನಾತ್ರೀ ಸರ?" ಎಂದಳು ದೊಡ್ಡವ್ವ.

"ಮೆಣಸಿನಕಾಯಿ ಬಂತ್ರೀ ಅವ್ವಾ" ಎಂದರು ಪುಣ್ಯಾತ್ಮರು. ಅವರು ತಿನ್ನುತ್ತಿದ್ದದ್ದು ಐಸ್‌ಕ್ರೀಂ.

ಮೂರನೆಯ ದಿನ ಬೆಳಿಗ್ಗೆ ದ್ವೀಪ ಕಂಡಿತು. ತಿಳಿ ಹಸಿರು ನೀರು, ಬಿಳಿ ಮರಳು, ಮೇಲೆ ತೆಂಗಿನ ತಲೆಗಳು. ಅಲ್ಲಿಯ ಬಂದರು ಸಣ್ಣದು. ಹಡಗು ದೂರವೇ ನಿಂತಿತು. ಹಡಗಿನ ಹೊಟ್ಟೆಯಲ್ಲಿದ್ದ ಒಂದು ಬಾಗಿಲು ತೆರೆದು, ಕೆಳಗೆ ಏರುತ್ತ ಇಳಿಯುತ್ತ ಇದ್ದ ಸಣ್ಣ ದೋಣಿಗೆ ಒಬ್ಬೊಬ್ಬರನ್ನೇ ಇಳಿಸುತ್ತಿದ್ದರು. ದೋಣಿ ಒಮ್ಮೆ ಬಾಗಿಲ ಸಮಕ್ಕೆ ಬರುವುದು, ಮರುಗಳಿಗೆ ಮಾರುದ್ದ ಕೆಳಗೆ. ನಮ್ಮ ಶಿಕ್ಷಕರ ಪಟಾಲಮ್ಮು ಬಾಗಿಲಲ್ಲೇ ಗುಂಪುಗಟ್ಟಿತು. ಹೆಡ್‌ಮಾಸ್ತರರು ಇಬ್ಬರು ನಾವಿಕರ ಕೊರಳು ಹಿಡಿದು ನೇತಾಡಿದರು. ನಾನು ಎಲ್ಲರ ಹಿಂದೆ ಸರಿದು ನಿಂತೆ.

ದೊಡ್ಡವ್ವ ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಬುತ್ತಿಗಂಟು ಕಂಕುಳಲ್ಲಿಟ್ಟು ಬಾಗಿಲಿಗೆ ಬಂದಳು. ಎರಡು ತೆರೆ ಹೋಗಗೊಟ್ಟಳು. ಮೂರನೆಯದಕ್ಕೆ ದೋಣಿ ಮೇಲೆ ಬಂದಾಗ, ಮನೆಯ ಹೊಸ್ತಿಲು ದಾಟುವ ಹಾಗೆ ದಾಟಿ ಹೋಗಿ ಕೂತಳು. ನಾವಿಕನು ಚಾಚಿದ ಕೈ ಹಾಗೇ ಉಳಿಯಿತು. ದೋಣಿಯವನು ಶಿಳ್ಳೆ ಹಾಕಿದ.

"ಬಾರವಾ, ಏರಿ ಬಂದಾಗ ಕಾಲಿಡು, ಇಳಿಯೋವಾಗ ಇಡಬ್ಯಾಡ" ಎಂದು ನನಗೆ ಕೈ ಕೊಟ್ಟಳು. ದೋಣಿ ಹೊರಟಾಗ ಗಾಳಿಗೆ ಮುಖವೊಡ್ಡಿ, "ಚಲೋ ಐತಿ. ಆದ್ರ ಹರಗೋಲಿನಂಗ ತಿರುಗಂಗಿಲ್ಲ ಇದು" ಎಂದು ತೀರ್ಪು ಕೊಟ್ಟಳು. ನನಗೆ ಹೆಮ್ಮೆಯಿಂದ ಎದೆಯುಬ್ಬಿತು. ಜೊತೆಗೇ ಸುಳ್ಳಿನ ನೆನಪಾಗಿ ಕುಗ್ಗಿತು.

ಊರು ಪುಟ್ಟದು. ಒಂದು ಕಟ್ಟೆ, ನಾಲ್ಕಾರು ಅಂಗಡಿ, ಮಸೀದಿ, ಸೈಕಲ್ಲು ಹೋಗುವಷ್ಟು ಅಗಲದ ಓಣಿಗಳು. ಅಂಗಳಗಳಲ್ಲಿ ಮೀನಿನ ತುಂಡುಗಳು ಒಣಗುತ್ತಿದ್ದವು. ದೊಡ್ಡವ್ವ ಬಗ್ಗಿ ಮೂಸಿ ನೋಡಿ, ಮೀನು ಚೆನ್ನಾಗಿ ಒಣಗಿದೆ ಎಂದು ಮೆಚ್ಚಿದಳು. ಆ ಮನೆಯ ಹೆಂಗಸು ಹೊರಗೆ ಬಂದಳು. ನನ್ನ ವಾರಿಗೆಯವಳು, ತಲೆಗೆ ಹೂವಿನ ಚಿತ್ರದ ಓಢಣಿ. ದೊಡ್ಡವ್ವನ ದಖನಿ ಅವಳಿಗೆ ತಿಳಿಯಲಿಲ್ಲ, ಅವಳ ಮಾತು ನಮಗೆ ತಿಳಿಯಲಿಲ್ಲ. ಆದರೂ ಇಬ್ಬರೂ ನಿಲ್ಲಿಸದೆ ಮಾತಾಡಿದರು. ಎಳನೀರು ಬಂತು. ದೊಡ್ಡವ್ವ ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿಗೆ ಹಿಂಡಿ ಸವರಿ ಕೊಟ್ಟಳು. ಆಕೆ ಕಟಂ ಎಂದು ಕಚ್ಚಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಮತ್ತೊಂದು ತುಂಡು ಕೇಳಿ ತೆಗೆದುಕೊಂಡಳು. ಆಮೇಲೆ ನಮ್ಮನ್ನು ಮನೆಯ ಹಿಂದಕ್ಕೆ ಕರೆದೊಯ್ದಳು. ಅಲ್ಲೇ ಕಡಲು.

ನೀರು ನಮ್ಮ ಕಾಲಿಗೆ ಬಂದು ತಾಗಿತು. ದೊಡ್ಡವ್ವ ಉಡಿಯ ಗಂಟು ಕೈಗೆ ತೆಗೆದುಕೊಂಡಳು. ನನಗೆ ಇನ್ನು ತಡೆಯಲಾಗಲಿಲ್ಲ. ದೇವರ ಮುಂದೆ ಹೊತ್ತ ಹರಕೆಯನ್ನು ತಪ್ಪು ನೀರಿಗೆ ಹಾಕಿಸುವ ಪಾಪ ನನಗೆ ಬೇಡವಾಗಿತ್ತು.

"ದೊಡ್ಡವ್ವಾ, ನಾ ಸುಳ್ಳ ಹೇಳೀನಿ ಬೇ. ನಮ್ಮ ಹೊಳಿ ಇಲ್ಲಿಗೆ ಬರಂಗಿಲ್ಲ. ಆಕಿ ಮೂಡಣದ ಸಮುದ್ರಕ್ಕ ಹೋಗ್ತಾಳ. ಇದು ಬ್ಯಾರೇದು."

ಅವಳು ನನ್ನನ್ನು ಆಪಾದಮಸ್ತಕ ನೋಡಿದಳು.

"ಯಾದಗಿರಿ ಟೇಶನ್ದಾಗ ಗಾಡಿ ಹೊಂಟಾಗ ಸೂರ್ಯಾ ನಮ್ಮ ಹಿಂದ ಇದ್ದ. ಹೊಳಿ ಹರಿಯೂದು ಸೂರ್ಯಾ ಹುಟ್ಟೋ ಕಡೆ. ಹುಟ್ಟಿದಾಗಿಂದ ಹೊಳಿದಂಡ್ಯಾಗ ಇದ್ದೀನಿ, ಇಷ್ಟು ತಿಳಿಯಂಗಿಲ್ಲೇನು ನನಗ?"

"ಮತ್ತ ಯಾಕ ಸುಮ್ಮನ ಬಂದಿ?"

"ಮೊದ್ಲ ಸಿಟ್ಟು ಬಂತು. ಇಳದು ಮನಿಗೆ ಹೋಗ್ಬೇಕಂತ ಮಾಡಿದ್ದೆ. ಆಮ್ಯಾಲ ವಿಚಾರ ಮಾಡಿದೆ. ಹೊಳಿಗೆ ನೀರು ಎಲ್ಲಿಂದ ಬರ್ತಾವ? ಪಡುವಣಕ್ಕ ಮಳಿ ಮಾಡ ಕಟ್ಟಿದ್ರ ಎಂಟ ದಿನಕ್ಕ ಹೊಳಿ ಕೆಂಪಾಗ್ತಾಳ. ನಿಮ್ಮ ದೊಡ್ಡಪ್ಪ ಆ ಕಡಿ ನೋಡೇ ಹರಗೋಲು ಮ್ಯಾಲ ಎಳೀತಿದ್ದ. ಆ ಮಾಡ ಏಳೂದು ಈ ನೀರಿನ್ಯಾಗ ಹೌದಲ್ಲ? ಅಂದಮ್ಯಾಗ ಇದು ಆಕಿ ಗಂಡನ ಮನಿ ಅಲ್ಲ. ಹಡದವ್ವನ ಮನಿ."

ಅರಬ್ಬೀ ಸಮುದ್ರದಿಂದ ಏಳುವ ಮುಂಗಾರು ಮೋಡಗಳು, ಪಶ್ಚಿಮ ಘಟ್ಟ, ಕೃಷ್ಣೆಯ ಉಗಮ. ಇದನ್ನು ಮೂವತ್ತೊಂದು ವರ್ಷ ಬರೆಯಿಸಿದ್ದೇನೆ, ಪರೀಕ್ಷೆಯಲ್ಲಿ ಕೇಳಿದ್ದೇನೆ. ಎರಡು ಪಾಠಗಳನ್ನು ಹೀಗೆ ಜೋಡಿಸಲು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಆ ಮನೆಯಾಕೆ ಉಡಿಯ ಗಂಟು ನೋಡಿ, ನೀರಿಗೆ ಏನೂ ಹಾಕಬಾರದು ಎಂದು ಕೈಸನ್ನೆ ಮಾಡಿದಳು. ದಂಡೆಯ ಮೇಲೆ ಹಾಗೆಂದು ಹಲಗೆಯೂ ಇತ್ತು. ದೊಡ್ಡವ್ವ ಗಂಟು ಹಿಂದೆಳೆದುಕೊಂಡು ಆಕೆಯನ್ನೇ ನೋಡಿದಳು. ಹೊಳೆ ಉಕ್ಕಿ ಹತ್ತಿರ ಹೋಗಲಾಗದ ವರ್ಷ ನಮ್ಮಲ್ಲಿ ದಂಡೆಯ ಒಬ್ಬ ಹೆಣ್ಣುಮಗಳಿಗೆ ಉಡಿ ತುಂಬಿದರೆ ಅದು ಹೊಳೆಗೇ ಮುಟ್ಟಿತೆಂದು ಲೆಕ್ಕ.

"ಈಕಿ ಈ ಮನಿ ಹೆಣ್ಮಗಳ ಅಲ್ಲೇನು?" ಎಂದು ಅವಳು ಆಕೆಯ ಓಢಣಿಯ ಸೆರಗು ಹಿಡಿಸಿ, ಅಕ್ಕಿ, ಖಣ, ಅರಿಷಿಣ ಬೇರು, ತೆಂಗಿನಕಾಯಿ ಎಲ್ಲ ಹಾಕಿದಳು. ಸುತ್ತಲೂ ಸಾವಿರ ತೆಂಗಿನ ಮರ, ನಡುವೆ ತಿಂಥಣಿಯ ಒಂದು ಕಾಯಿ. ಆಕೆ ಕಾಯಿ ಎತ್ತಿ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಖಣವನ್ನು ಕೆನ್ನೆಗೊತ್ತಿಕೊಂಡಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ದೊಡ್ಡವ್ವ ಬಗ್ಗಿ ಬೊಗಸೆ ನೀರೆತ್ತಿ ಕಣ್ಣಿಗೆ ಒತ್ತಿಕೊಂಡಳು. "ಯವ್ವಾ, ನಿನ್ನ ಮಗಳು ನಮ್ಮೂರಾಗ ಚಲೋ ಅದಾಳ. ಒಮ್ಮೊಮ್ಮಿ ಸಿಟ್ಟಿಗೆ ಏಳ್ತಾಳ, ಬಾಕಿ ಚಲೋ ಅದಾಳ. ಕಾಳಜಿ ಮಾಡಬ್ಯಾಡ" ಎಂದಳು. ಅಲ್ಲಿಗೆ ಮುಗಿಯಿತೆಂದು ನಾನು ತಿರುಗಿದೆ. ಅವಳು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

"ನಿಮ್ಮವ್ವ ಹೋಗೋ ಮುಂದ ನಿನ್ನ ನನ್ನ ಉಡ್ಯಾಗ ಹಾಕಿ ಹೋದ್ಲು. ಮಗಳು ಹೆಂಗದಾಳ ಅಂತ ಆಕಿಗೆ ಹೇಳಾಕ ನನಗ ಎಲ್ಲೂ ಜಾಗ ಸಿಗಲಿಲ್ಲ. ಹಡದವ್ವನ ಮನಿತನಕ ಬಂದೀನಿ, ಇಲ್ಲೇ ಹೇಳಿಬಿಡ್ತೀನಿ."

ಮತ್ತೆ ನೀರಿನ ಕಡೆ ತಿರುಗಿ, ಆಚೆ ದಂಡೆಯವರನ್ನು ಕರೆಯುವ ದನಿಯಲ್ಲಿ ಕೂಗಿದಳು.

"ತಂಗೀ, ನಿನ್ನ ಮಗಳೂ ಚಲೋ ಅದಾಳವಾ! ಸುಳ್ಳ ಹೇಳೋದು ಒಂದ ಬಿಟ್ರ, ಚಲೋ ಅದಾಳ!"

ಅರವತ್ತು ದಾಟಿದ ನಾನು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು ಅಳುತ್ತಲೂ ನಗುತ್ತಲೂ ಇದ್ದೆ. ದೊಡ್ಡವ್ವ ನನ್ನ ಮೂಗು ಸೆರಗಿನಿಂದ ಒರೆಸಿದಳು. ಆಮೇಲೆ ನನ್ನ ಕಿವಿ ಹಿಡಿದು, ನೋಯುವಷ್ಟು, ಒಮ್ಮೆ ಹಿಂಡಿದಳು.