ಎರಡನೆಯ ಗೋಲ್‌ಕೀಪರಿಗೆ ಸನ್ಮಾನ

ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ನಮ್ಮ ಕಾರ್ಖಾನೆಯಲ್ಲಿ ಮಣ್ಣು ಎತ್ತುವ ದೊಡ್ಡ ಯಂತ್ರಗಳು ತಯಾರಾಗುತ್ತವೆ. ಅವುಗಳ ಎಣ್ಣೆ ಪೈಪು ಎಲ್ಲಾದರೂ ಸೋರುತ್ತದೆಯೇ ಎಂದು ಬಗ್ಗಿ ನೋಡುವವರು ವೀಬ್ಕೆ. ಅವರು ನೋಡಿದ್ದಾರೆ ಎಂದು ಕಂಪ್ಯೂಟರಿನಲ್ಲಿ ಗುರುತು ಹಾಕುವವನು ನಾನು. ಇಬ್ಬರಲ್ಲಿ ಇಂಜಿನಿಯರ್ ಎಂದು ಊರಲ್ಲಿ ಹೇಳಿಕೊಳ್ಳುವವನೂ ನಾನೇ. ವೀಬ್ಕೆ ಹ್ಯಾಂಬರ್ಗಿನವರು. ವಯಸ್ಸು ಐವತ್ತರ ಹತ್ತಿರ, ನನಗಿಂತ ಒಂದು ಗೇಣು ಎತ್ತರ. ಮಾತು ಮಾತ್ರ ಬಹಳ ಕಡಿಮೆ. ನಾನು ಮಾತಾಡುತ್ತೇನೆ, ಅವರು ಕಾಫಿ ಕುಡಿಯುತ್ತಾರೆ. ವರ್ಷಗಳಿಂದ ಈ ಏರ್ಪಾಡು ಯಾವ ತಕರಾರೂ ಇಲ್ಲದೆ ನಡೆದುಬಂದಿದೆ.

ಅವರು ಜರ್ಮನಿಯ ಮಹಿಳಾ ಹಾಕಿ ತಂಡದಲ್ಲಿದ್ದರು ಎಂಬುದು ತಿಳಿದದ್ದು ಒಂದು ಫೀಕಾದಲ್ಲಿ. ಇಲ್ಲಿ ಕಾಫಿ ವಿರಾಮಕ್ಕೆ ಹಾಗೆನ್ನುತ್ತಾರೆ, ದೇವರ ಪೂಜೆಯಷ್ಟೇ ನಿಷ್ಠೆಯಿಂದ ಮಾಡುತ್ತಾರೆ. ಏಲಕ್ಕಿ ಬನ್ನಿನ ತಟ್ಟೆ ನನ್ನ ಮೊಣಕೈ ತಾಗಿ ಮೇಜಿನಿಂದ ಜಾರಿತು. ನಾನು ‘ಅಯ್ಯೋ’ ಎನ್ನುವಷ್ಟರಲ್ಲಿ ವೀಬ್ಕೆ ಕೂತಲ್ಲಿಂದಲೇ ಕಾಲು ಚಾಚಿ ತಟ್ಟೆಯನ್ನು ಪಾದದ ಮೇಲೆ ಹಿಡಿದಿದ್ದರು. ಒಂದು ಬನ್ನೂ ಬಿದ್ದಿರಲಿಲ್ಲ.

“ಗೋಲ್‌ಕೀಪರ್ ಆಗಿದ್ದೆ,” ಎಂದರು. “ಹಾಕಿ. ಜರ್ಮನಿಗೆ.”

ಸ್ವೀಡನ್ನಿನಲ್ಲಿ ಹಾಕಿ ಎಂದರೆ ಐಸ್ ಮೇಲಿನದು. ಹುಲ್ಲಿನ ಮೇಲೂ ಆಡುತ್ತಾರೆಂದರೆ, ಪಾಪ, ಐಸ್ ಸಿಗಲಿಲ್ಲವೇನೋ ಎಂಬಂತೆ ನೋಡುತ್ತಾರೆ. ನಾನು ಭಾರತೀಯನಾದ್ದರಿಂದ ಎದೆ ಉಬ್ಬಿಸಿ, ಅದು ನಮ್ಮ ಆಟ ಎಂದೆ. ನಾನು ಹಾಕಿ ಕೋಲನ್ನು ಹಿಡಿದದ್ದು ಜೀವನದಲ್ಲಿ ಒಂದೇ ಸಲ, ಅಟ್ಟದ ಮೇಲಿನ ಬೆಕ್ಕನ್ನು ಓಡಿಸಲು. ಅದನ್ನು ಹೇಳಲಿಲ್ಲ.

ವೀಬ್ಕೆಯ ಹಾಕಿ ವಿಷಯವನ್ನು ಮಾತ್ರ ಬೇರೆಯವರಿಗೆಲ್ಲ ಹೇಳಿದೆ. ಮೊದಲು ನಮ್ಮ ಸಹೋದ್ಯೋಗಿ ವಿಶಾಲನಿಗೆ. ಅವನ ಮಗಳು ಅವನಿ ಹದಿಮೂರರ ಹುಡುಗಿ. ಸ್ಟಾಕ್‌ಹೋಮಿನ ಒಂದು ಕ್ಲಬ್ಬಿನಲ್ಲಿ ಹುಲ್ಲಿನ ಹಾಕಿ ಆಡುತ್ತಿದ್ದಳು. ಅವಳೂ ಗೋಲ್‌ಕೀಪರೇ. ಎರಡನೆಯ ಗೋಲ್‌ಕೀಪರ್. ಎಂದರೆ ಕಾಲಿಗೆ ದಿಂಬಿನಂಥ ಪ್ಯಾಡು, ಎದೆಗೆ ಕವಚ, ತಲೆಗೆ ಹೆಲ್ಮೆಟ್ಟು ಎಲ್ಲ ಕಟ್ಟಿಕೊಂಡು, ಮೊದಲನೆಯವಳಿಗೆ ಏನಾದರೂ ಆಗಲಿ ಎಂದು ಮನಸ್ಸಿನಲ್ಲೂ ಅಂದುಕೊಳ್ಳಬಾರದೆಂದು ಹೆಣಗುತ್ತ ಬೆಂಚಿನ ಮೇಲೆ ಕೂರುವವಳು. ನಮ್ಮೂರಿನ ಫುಟ್‌ಬಾಲ್ ಮೈದಾನದಲ್ಲಿ ಶನಿವಾರ ಬೆಳಗ್ಗೆ ಅವಳಿಗೆ ಹೇಳಿಕೊಡಲು ವೀಬ್ಕೆ ಒಪ್ಪಿದರು. ಹದಿನೈದು ವರ್ಷ ಮುಟ್ಟದಿದ್ದ ಕೋಲನ್ನು ಅವಳಿಗಾಗಿ ಹೊರಗೆ ತೆಗೆದರು. ಸೋಮವಾರ ಕಾಫಿಗೆ ಕೂತಾಗ ಈಗ ಅವರೇ ಮಾತು ಶುರುಮಾಡುತ್ತಿದ್ದರು. “ಅವನಿ ಈಗ ಚೆಂಡಿಗೆ ಹೆದರುವುದಿಲ್ಲ,” ಎಂದು ಹೇಳುವಾಗ ಮುಖ ಕೆಂಪಾಗುತ್ತಿತ್ತು. ನನ್ನ ಮಾತಿನ ಪಾಲು ಕಡಿಮೆಯಾದದ್ದಕ್ಕೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಆದರೆ ವಿಶಾಲನಿಗೆ ಸಾಕಾಗಿತ್ತು.

“ಸಾರ್, ಪ್ರತಿ ಸಂಡೆ ಸ್ಟಾಕ್‌ಹೋಮ್‌ಗೆ ಡ್ರೈವ್ ಮಾಡ್ತೀನಿ. ಯಾಕೆ? ನನ್ ಮಗಳು ಬೆಂಚ್ ಮೇಲೆ ಕೂರೋದನ್ನ ನೋಡೋಕೆ! ಮನೇಲಿ ಸೋಫಾ ಇಲ್ವಾ ಕೂರೋಕೆ? ಈ ಸೀಸನ್ ಮುಗಿದ್ರೆ ಬಿಡಿಸ್ತೀನಿ. ಸ್ವಿಮ್ಮಿಂಗ್ ಪೂಲು ಮನೆ ಪಕ್ಕದಲ್ಲೇ ಇದೆ.”

ಇದು ವೀಬ್ಕೆಗೂ ಗೊತ್ತಿತ್ತು. ಆ ವಾರವಿಡೀ ಕಾಫಿಗೆ ಕೂತಾಗ ಮತ್ತೆ ನಾನೊಬ್ಬನೇ ಮಾತಾಡಿದೆ.

ಹೀಗಿರುವಾಗ ಯುಗಾದಿ ಬಂತು. ನಮ್ಮ ಕನ್ನಡ ಕೂಟದ ಯುಗಾದಿ ಶಾಲೆಯ ಹಾಲ್ ಬಾಡಿಗೆಗೆ ಸಿಕ್ಕ ದಿನ ಬರುತ್ತದೆ. ಪಂಚಾಂಗಕ್ಕಿಂತ ಕೊಮ್ಯೂನ್, ಎಂದರೆ ಇಲ್ಲಿನ ನಗರಸಭೆಯ, ಕಚೇರಿಯ ಮಾತು ನಮಗೆ ಪ್ರಮಾಣ. ಈ ಸಲ ಏಪ್ರಿಲ್ ಕೊನೆಗೆ ಬಂತು. ಅಧ್ಯಕ್ಷ ಮಹಾಬಲೇಶ್ವರನಿಗೆ ಯಾರಿಗಾದರೂ ಸನ್ಮಾನ ಮಾಡದೆ ಊಟ ಸೇರುವುದಿಲ್ಲ. ಊರಲ್ಲಿದ್ದ ಕನ್ನಡಿಗರೆಲ್ಲರಿಗೂ ಒಂದು ಸುತ್ತು ಶಾಲು ಹೊದಿಸಿ ಮುಗಿದಿತ್ತು, ನನಗೆ ಎರಡು ಸಲ. ವೀಬ್ಕೆಯ ಹೆಸರು ಕಿವಿಗೆ ಬಿದ್ದದ್ದೇ ತಡ, ಬೆಂಗಳೂರಿನಿಂದ ಮೈಸೂರು ಪೇಟ ತರಿಸಿದ.

ವೀಬ್ಕೆ ನೀಲಿ ಕೋಟು ಹಾಕಿಕೊಂಡು, ಹೇಳಿದ ಹೊತ್ತಿಗೆ ಸರಿಯಾಗಿ ಬಂದು, ಬೀಗ ಹಾಕಿದ್ದ ಹಾಲಿನ ಮುಂದೆ ಒಬ್ಬರೇ ನಿಂತಿದ್ದರು. ಒಂದು ಗಂಟೆಯ ನಂತರ ನಾವೆಲ್ಲ ಬಂದೆವು. ಶಾಲು, ಗಂಧದ ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲ ಮುಗಿದ ಮೇಲೆ ಮಹಾಬಲೇಶ್ವರ ಮೈಕಿಗೆ ಬಾಯಿಟ್ಟ. ಮೊದಲು ಕನ್ನಡದಲ್ಲಿ, ಆಮೇಲೆ ಅತಿಥಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ:

“ಬಂಧುಗಳೇ, ಜರ್ಮನಿಯ ಗೋಲಿಗೆ ಗೋಡೆಯಾಗಿ ನಿಂತವರು! ಒಲಿಂಪಿಕ್ಸ್ ಪದಕ ಗೆದ್ದವರು! ನಮ್ಮ ಅವನಿ ಪುಟ್ಟಿಯ ಗುರುಗಳು!”

ಮುಂದಿನ ಸಾಲಿನಲ್ಲಿ ವಿಶಾಲ ನೆಟ್ಟಗೆ ಕೂತ. ಪಕ್ಕದವರಿಗೆ, “ಒಲಿಂಪಿಕ್ಸಾ? ನಮಗೆ ಹೇಳೇ ಇಲ್ಲ ನೋಡಿ. ಇಂಥೋರ ಹತ್ರ ಕಲಿಯೋಕೆ ಪುಣ್ಯ ಬೇಕು ಬಿಡಿ,” ಎಂದದ್ದು ನನಗೂ ಕೇಳಿಸಿತು. ಅವನಿ ಅಪ್ಪನ ಮುಖ ನೋಡಿ, ವೇದಿಕೆ ನೋಡಿ, ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಸ್ವಿಮ್ಮಿಂಗ್ ಪೂಲಿನ ಮಾತು ಅಲ್ಲೇ ಮುಳುಗಿಹೋಯಿತು ಎಂದು ನನಗೂ ಅನಿಸಿತು. ವೀಬ್ಕೆ ‘ಥ್ಯಾಂಕ್ಯೂ’ ಎಂದು ಕೆಳಗಿಳಿದಿದ್ದರೆ ಸಾಕಿತ್ತು.

ಅವರು ಮೈಕು ಹಿಡಿದು ಇಂಗ್ಲಿಷಿನಲ್ಲಿ ಹೇಳಿದರು: “ನನ್ನ ಹತ್ತಿರ ಪದಕ ಇಲ್ಲ. ತಂಡದಲ್ಲಿದ್ದದ್ದು ಹದಿನಾರು ಜನ, ನಾನು ಹದಿನೇಳನೆಯವಳು. ಎರಡನೇ ಗೋಲ್‌ಕೀಪರ್. ಪದಕ ಕೊಡುವಾಗ ಪ್ರೇಕ್ಷಕರ ಜೊತೆ ಕೂತಿದ್ದೆ.”

ಹಾಲ್ ತುಂಬ ಚಪ್ಪಾಳೆ.

“ನೋಡಿ, ನೋಡಿ! ಇದಕ್ಕೇ ದೊಡ್ಡೋರು ಅನ್ನೋದು. ಎಂಥಾ ವಿನಯ!” ಎಂದ ಮಹಾಬಲೇಶ್ವರ.

ತಪ್ಪು ಅವನದೊಂದೇ ಅಲ್ಲ. ಸನ್ಮಾನ ಮಾಡಿಸಿಕೊಂಡವರು ‘ನಾನು ಇದಕ್ಕೆ ಅರ್ಹನಲ್ಲ’ ಎನ್ನಬೇಕು, ನಾವು ತಟ್ಟಬೇಕು, ಇದು ನಮ್ಮಲ್ಲಿ ನಡೆದುಬಂದದ್ದು. ನನ್ನ ಎರಡು ಸನ್ಮಾನಗಳಲ್ಲೂ ನಾನು ಹಾಗೇ ಅಂದಿದ್ದೆ. ಅದು ಅಕ್ಷರಶಃ ನಿಜವಾಗಿದ್ದರೂ ಯಾರೂ ನಂಬಿರಲಿಲ್ಲ.

“ಇಲ್ಲ, ನಿಜವಾಗಿ ಇಲ್ಲ,” ಎಂದರು ವೀಬ್ಕೆ. ಇನ್ನೂ ಜೋರು ಚಪ್ಪಾಳೆ. ಯಾರೋ ಶಿಳ್ಳೆ ಹಾಕಿದರು. ಪೇಟ ಹಣೆಗೆ ಜಾರಿತ್ತು. ಅದನ್ನು ಮೇಲೆ ತಳ್ಳಿ ಅವರು ನೇರ ಮುಂದಿನ ಸಾಲಿಗೆ ನೋಡಿದರು.

“ವಿಶಾಲ್, ನಿಮ್ಮ ಮಗಳು ಒಳ್ಳೆಯ ಗೋಲ್‌ಕೀಪರ್. ಅದಕ್ಕಾಗಿ ಅವಳನ್ನು ಕಳಿಸಿ. ನನಗೆ ಪದಕ ಬಂದಿದೆ ಅಂತ ಕಳಿಸಬೇಡಿ. ಬಂದಿಲ್ಲ.”

ಈ ಸಲ ಚಪ್ಪಾಳೆ ಅಲ್ಲಲ್ಲಿ ಬಿದ್ದು ನಿಂತಿತು. ವಿಶಾಲ ಫೋನ್ ತೆಗೆದು ಏನನ್ನೋ ಹುಡುಕಿದ, ಮತ್ತೆ ಜೇಬಿಗಿಟ್ಟ. ಮಹಾಬಲೇಶ್ವರ ಬಿಸಿಬೇಳೆಬಾತ್ ರೆಡಿ ಇದೆ ಎಂದು ಘೋಷಿಸಿದ.

ನಾನು ಹಣ್ಣಿನ ಬುಟ್ಟಿ ಹೊತ್ತು ವೀಬ್ಕೆಯ ಕಾರಿನವರೆಗೆ ಹೋದೆ. ಅವನಿ ಹಿಂದೆಯೇ ಓಡಿಬಂದಳು. ಸ್ವೀಡಿಷ್‌ನಲ್ಲಿ ಕೇಳಿದಳು, “ಯಾಕೆ ಹೇಳಿದ್ರಿ? ಸುಮ್ಮನಿದ್ದಿದ್ರೆ ಅಪ್ಪ ಒಪ್ಕೊಂಡಿರ್ತಿದ್ರು!”

ವೀಬ್ಕೆ ಪೇಟ ತೆಗೆದು ಕಾರಿನ ಮೇಲಿಟ್ಟರು. “ಒಲಿಂಪಿಕ್ಸ್‌ಗೆ ಮುಂಚಿನ ವರ್ಷ ಒಂದು ಸೆಮಿಫೈನಲ್. ಮೊದಲನೆಯವಳ ಮಂಡಿಗೆ ಪೆಟ್ಟಾಯಿತು. ಕೋಚ್ ನನ್ನ ಕಡೆ ತಿರುಗಿ, ‘ರೆಡಿನಾ?’ ಅಂದರು. ಅಷ್ಟು ವರ್ಷ ಅದೇ ಮಾತಿಗೆ ಕಾದಿದ್ದೆ. ಹೆದರಿಕೆಯಾಯಿತು. ‘ಒಂದು ನಿಮಿಷ, ಪ್ಯಾಡಿನ ಬೆಲ್ಟ್ ಸಡಿಲ ಇದೆ’ ಅಂದೆ. ಬೆಲ್ಟ್ ಬಿಗಿಯಾಗೇ ಇತ್ತು. ಆ ನಿಮಿಷದಲ್ಲಿ ಅವಳು ಎದ್ದು ನಿಂತಳು, ಕುಂಟಿಕೊಂಡೇ ಆಡಿದಳು. ಆಮೇಲೆ ನನ್ನನ್ನು ಯಾರೂ ಕೇಳಲಿಲ್ಲ.” ಕಾರಿನ ಬಾಗಿಲು ತೆರೆದು ಸೇರಿಸಿದರು: “ಇವತ್ತೂ ಸುಮ್ಮನೆ ಬೆಲ್ಟ್ ನೋಡಿಕೊಂಡು ನಿಲ್ಲಬಹುದಿತ್ತು.”

ಅವನಿ ಹಾಲಿನ ಕಡೆ ತಿರುಗಿ ನಡೆದಳು. ನಾನು ಹಣ್ಣಿನ ಬುಟ್ಟಿಯನ್ನು ಹಿಂದಿನ ಸೀಟಿನಲ್ಲಿಟ್ಟೆ.

ಸೀಸನ್ ಮುಗಿಯುವವರೆಗೂ ವಿಶಾಲ ಕಾಯಲಿಲ್ಲ. ಮುಂದಿನ ವಾರ ನನ್ನ ಮೇಜಿನ ಹತ್ತಿರ ಒಂದು ದೊಡ್ಡ ನೀಲಿ ಚೀಲ ತಂದಿಟ್ಟ.

“ಪ್ಯಾಡು. ವೀಬ್ಕೆ ಅವರೇ ಕೊಡಿಸಿದ್ದು, ವಾಪಸ್ ಕೊಟ್ಬಿಡಿ. ನನಗೆ ಮುಖ ಇಲ್ಲ ಸಾರ್.”

“ಅಲ್ಲಯ್ಯಾ, ಹುಡುಗಿಗೆ ಇಷ್ಟ ಇದೆಯಲ್ಲ?”

“ಅವರಿಗೂ ಇಷ್ಟ ಇತ್ತಲ್ಲ ಸಾರ್! ಅಷ್ಟು ವರ್ಷ ಬೆಂಚು, ಕೊನೆಗೆ ಗ್ಯಾಲರಿ. ಅವರೇ ಮೈಕಲ್ಲಿ ಹೇಳಿದ್ರು. ಗೊತ್ತಿದ್ದೂ ನನ್ ಮಗಳನ್ನ ಅಲ್ಲಿಗೇ ಕಳಿಸ್ಲಾ?”

ಅವನು ಹೋದ ಮೇಲೆ ಚೀಲ ಎತ್ತಿ ವೀಬ್ಕೆಯ ಹತ್ತಿರ ಒಯ್ದೆ.

ವೀಬ್ಕೆ ಚೀಲ ತೆರೆದು ನೋಡಿದರು. ಅವನಿ ಪ್ಯಾಡುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆಲ್ಟುಗಳನ್ನೆಲ್ಲ ಕಡೆಯ ರಂಧ್ರದವರೆಗೆ ಎಳೆದು ಬಿಗಿದಿದ್ದಳು. ವೀಬ್ಕೆ ಆ ಬೆಲ್ಟುಗಳ ಮೇಲೆ ಬೆರಳಾಡಿಸಿ, ಚೀಲ ಮುಚ್ಚಿ, ಪೈಪು ನೋಡಲು ಹೋದರು.

ಅವನಿ ಈಗ ಈಜುತ್ತಾಳೆ. ಚೆನ್ನಾಗಿಯೇ ಈಜುತ್ತಾಳಂತೆ.

ಮೊನ್ನೆ ಶನಿವಾರ ಬ್ರೆಡ್ ಕೊಂಡು ಮರಳುತ್ತಿದ್ದವನು ಮೈದಾನದ ಬೇಲಿಯ ಹತ್ತಿರ ನಿಂತೆ. ವೀಬ್ಕೆ ತಮ್ಮ ಹಳೆಯ ಪ್ಯಾಡು ಕಟ್ಟಿಕೊಂಡು ಗೋಲಿನ ಮುಂದೆ ಒಬ್ಬರೇ ನಿಂತಿದ್ದರು. ಎದುರಿಗೆ ಹುಲ್ಲಿನ ಮೇಲೆ ಸಾಲಾಗಿ ಚೆಂಡುಗಳಿದ್ದವು, ಹೊಡೆಯುವವರಿರಲಿಲ್ಲ. ನನ್ನನ್ನು ನೋಡಿ ಪಕ್ಕದಲ್ಲಿದ್ದ ಕೋಲನ್ನು ತೋರಿಸಿದರು.

ಅದು ನಮ್ಮ ಆಟ ಎಂದು ಅವತ್ತು ಹೇಳಿದ್ದು ನಾನೇ ತಾನೆ? ಬ್ರೆಡ್ಡಿನ ಚೀಲ ಬೇಲಿಗೆ ಸಿಕ್ಕಿಸಿ ಕೋಲು ಹಿಡಿದೆ, ಹೊಟ್ಟೆ ಒಳಗೆಳೆದು ಬೀಸಿದೆ. ಚೆಂಡು ಗೋಲಿನ ಕಂಬದಿಂದ ಒಂದು ಮೊಳ ಆಚೆ, ಬೆಕ್ಕಿನ ಮರಿಯಂತೆ ಉರುಳುತ್ತ ಹೋಯಿತು. ವೀಬ್ಕೆ ಅದಕ್ಕಾಗಿ ಪೂರ್ತಿ ಮೈ ಚಾಚಿ ಹಾರಿದರು. ದಪ್ಪೆಂದು ಬಿದ್ದರು. ಚೆಂಡು ಕೈಗವಸಿಗೆ ತಾಗಿ ನಿಂತಿತು.

“ಅದು ಗೋಲಿಗೆ ಹೋಗ್ತಾನೇ ಇರ್ಲಿಲ್ಲ, ವೀಬ್ಕೆ,” ಎಂದೆ.

“ಗೊತ್ತು,” ಎಂದರು ಹುಲ್ಲಿನ ಮೇಲೆ ಮಲಗಿಕೊಂಡೇ. “ಇನ್ನೊಂದು ಹೊಡಿ, ಶ್ರೀನಾಥ.”