ಪುಕ್ಕಟೆ ತಂತ್ರಾಂಶವೂ ನಮ್ಮತ್ತೆಯ ಬೈಗುಳವೂ

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಕಾಸು ಕೊಟ್ಟು ತಂದ ತಂತ್ರಾಂಶ ಒಂದೂ ಇಲ್ಲ. ಪತ್ರ ಬರೆಯುವುದು, ಚಿತ್ರ ತಿದ್ದುವುದು, ಯಾವ ಕಾಲದ ವಿಡಿಯೊ ಕೊಟ್ಟರೂ ಮುಖ ಸಿಂಡರಿಸದೆ ತೋರಿಸುವುದು, ಎಲ್ಲವೂ ಪುಕ್ಕಟೆ. ಯಾರೋ ಪುಣ್ಯಾತ್ಮರು ಬರೆದು, ಬೇಕಾದವರು ಬಳಸಿಕೊಳ್ಳಲಿ ಎಂದು ಬಿಟ್ಟಿರುವಂಥವು. ಇದನ್ನು ನಾನು ಹುಣಸೂರಿನ ನಮ್ಮ ಬೀದಿಯಲ್ಲೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತೇನೆ. ನಮ್ಮತ್ತೆಗೆ ಮಾತ್ರ ನಂಬಿಕೆಯಿಲ್ಲ. “ಬಿಟ್ಟಿ ಯಾರೂ ಏನೂ ಕೊಡಕ್ಕಿಲ್ಲ ಕಣವ್ವ. ಒಂದಿನ ಬಾಗ್ಲಿಗೆ ಬಂದು ಕೇಳ್ತರೆ. ಆಗ ನನ್ನ ಕರೀಬ್ಯಾಡ,” ಎನ್ನುತ್ತಾರೆ.

ಇವುಗಳಲ್ಲಿ ನನ್ನ ಮುದ್ದಿನದು ದನಿ ತಿದ್ದುವ ತಂತ್ರಾಂಶ. ಮಾತಾಡಿದರೆ ಪರದೆಯ ಮೇಲೆ ನೀಲಿ ಗೆರೆ ಏರಿಳಿಯುತ್ತದೆ. ಬೇಡದ ಮಾತನ್ನು ಮೌಸಿನಲ್ಲಿ ಹಿಡಿದು ಒಂದು ಕೀಲಿ ಒತ್ತಿದರೆ ಮಾಯ. ಗದ್ದಲ ತೆಗೆಯುವ ಏರ್ಪಾಡೂ ಇದೆ. ಆದರೆ ಮೊದಲು ಯಾರೂ ಮಾತಾಡದ ಒಂದು ತುಣುಕನ್ನು ಅದಕ್ಕೆ ಕೇಳಿಸಿ, ಇದು ಬರೀ ಗದ್ದಲ ಎಂದು ಕಲಿಸಿಕೊಡಬೇಕು. ಅತ್ತೆ ಇರುವ ಮನೆಯಲ್ಲಿ ಅಂಥ ತುಣುಕು ಎಲ್ಲಿಂದ ತರುವುದು? ಅವರು ಸ್ನಾನಕ್ಕೆ ಹೋದಾಗ ಹಿಡಿದಿಟ್ಟುಕೊಂಡಿದ್ದೇನೆ.

ನಮ್ಮ ಬೀದಿಗೆ ಗೂಡ್ಸ್ ಆಟೊದಲ್ಲಿ ಈರುಳ್ಳಿ, ಬೆಳ್ಳುಳ್ಳಿ ತರುವ ಭಾಯಿ ಒಂದು ಬೆಳಿಗ್ಗೆ ಬರೀ ಪೆನ್‌ಡ್ರೈವ್ ಹಿಡಿದು ಬಂದರು. ಗಂಟಲು ಪೂರ್ತಿ ಕೆಟ್ಟಿತ್ತು. “ಡಾಕ್ಟ್ರು ಕೂಗ್ಬೇಡ ಅಂದವ್ರೆ ಅಕ್ಕ. ಆಟೊ ಮೈಕಿಗೆ ನೀವೇ ಏನಾರ ರೆಕಾರ್ಡ್ ಮಾಡ್ಕೊಡಿ,” ಎಂದು ಪಿಸುಗುಟ್ಟಿದರು.

ನಾನೇ ಕೂಗಿ ನೋಡಿದೆ. ರೈಲು ತಡವಾಗಿ ಬರುತ್ತದೆ ಎಂದು ಹೇಳುವ ಧಾಟಿ ಬಂತು. ಭಾಯಿ ಮರ್ಯಾದಸ್ಥರು, ಸುಮ್ಮನೆ ಫ್ಯಾನ್ ನೋಡುತ್ತ ಕೂತರು. ಅತ್ತೆಗೆ ತಡೆಯಲಾಗಲಿಲ್ಲ. ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದರು.

“ಏನವ್ವ, ಈರುಳ್ಳಿ ಮಾರ್ತಿದ್ದೀಯೋ ಪಾಠ ಒಪ್ಪುಸ್ತಿದ್ದೀಯೋ? ಕೂಗದು ಅಂದ್ರೆ ಇಂಗೆ,” ಎಂದು ಮೈಕಿನತ್ತ ಬಾಗಿದರು. “ಈರುಳ್ಳೀ, ಬೆಳ್ಳುಳ್ಳೀ, ಬರ್ರವ್ವಾ ಬರ್ರೀ, ಬಿರ್ರನೆ ಬರ್ರೀ.”

ನೀಲಿ ಗೆರೆ ಚೌಕಟ್ಟಿನ ಮೇಲಂಚಿಗೆ ಹೋಗಿ ಬಡಿಯಿತು. ಹಿಂದಿನ ಮನೆಯ ನಾಯಿ ಬೊಗಳಿತು. “ಇದೇ ಅಕ್ಕ, ಇದೇ ಬೇಕು,” ಎಂದರು ಭಾಯಿ.

“ಥೂ, ನನ್ ದನಿ ಬೀದಿ ಸುತ್ತದು ಬ್ಯಾಡಪ್ಪ,” ಎಂದು ಅತ್ತೆ ಒಂದು ಗಳಿಗೆ ಬಿಂಕ ಮಾಡಿದರು. ಆಮೇಲೆ ಸೌಟನ್ನು ನನ್ನ ಕೈಗೆ ಕೊಟ್ಟು, “ನಡುವ್ಲೆ ಕೆಮ್ಮು ಬಂತು. ಇನ್ನೊಂದ್ಸಲ ಕೂಗ್ತೀನಿ ತಡಿ,” ಎಂದರು.

ಭಾಯಿ ಒಂದು ದಿನ ಎಚ್.ಡಿ. ಕೋಟೆ ಕಡೆ ಹ್ಯಾಂಡ್‌ಪೋಸ್ಟಿಗೆ, ಒಂದು ದಿನ ಕೆ.ಆರ್. ನಗರದ ಕಡೆ ಹೊಸ ಅಗ್ರಹಾರಕ್ಕೆ, ಇನ್ನೊಂದು ದಿನ ಪಿರಿಯಾಪಟ್ಟಣದ ಕಡೆ ಬೆಟ್ಟದಪುರಕ್ಕೆ ಹೋಗುತ್ತಾರೆ. ಹೀಗೆ ನಮ್ಮತ್ತೆ ಮನೆಯಲ್ಲಿ ಕೂತೇ ನಾಲ್ಕು ತಾಲ್ಲೂಕು ಸುತ್ತತೊಡಗಿದರು. ನಮ್ಮ ಬೀದಿಗೆ ಆಟೊ ಬಂದಾಗ ಕಿಟಕಿಯ ಪರದೆ ಸರಿಸಿ ತಮ್ಮ ಕೂಗನ್ನು ತಾವೇ ಕೇಳುತ್ತಿದ್ದರು. ನಾನು ನೋಡಿದರೆ ಪರದೆಯ ಧೂಳು ಕೊಡವುತ್ತಿದ್ದರು.

ಬೆಟ್ಟದಪುರದಲ್ಲಿ ಅತ್ತೆಯ ಅಕ್ಕ ಇದ್ದಾರೆ. ನಾನು ದೊಡ್ಡತ್ತೆ ಎನ್ನುತ್ತೇನೆ. ಅವರ ಮೊಮ್ಮಗಳ ಮದುವೆಯಲ್ಲಿ ನಮ್ಮತ್ತೆಯನ್ನು ಎರಡನೇ ಪಂಕ್ತಿಗೆ ಕೂರಿಸಿದ್ದರು. ಆ ಪಂಕ್ತಿಗೆ ಬರುವಷ್ಟರಲ್ಲಿ ಒಬ್ಬಟ್ಟು ಮುಗಿದಿತ್ತು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಇಬ್ಬರ ಹತ್ತಿರವೂ ಫೋನಿದೆ, ಮೊದಲು ಯಾರು ಮಾಡಬೇಕು ಎಂಬಲ್ಲಿಗೆ ಎಲ್ಲ ನಿಂತುಹೋಗಿತ್ತು.

ಒಂದು ಸಂಜೆ ಭಾಯಿ ಬಂದು, “ಬೆಟ್ಟದಪುರದಲ್ಲಿ ಒಬ್ರು ಅವ್ವ ಆಟೊ ಅಡ್ಡ ಹಾಕಿದ್ರು. ಇದು ನನ್ ತಂಗಿ ದನಿ ಅಂತವ್ರೆ. ಈರುಳ್ಳಿ ತಗಳ್ಳಿಲ್ಲ, ನನ್ನ ಫೋನ್‌ನಾಗೆ ಮಾತಾಡಿ ರೆಕಾರ್ಡ್ ಮಾಡಿ ಕೊಟ್ಟವ್ರೆ,” ಎಂದು ಫೋನ್ ಕೊಟ್ಟರು.

ದೊಡ್ಡತ್ತೆಯ ದನಿ: “ಲೇ, ನನ್ ಮನೆ ಮುಂದ್ಲೇ ಬಂದು ಊರೋರ್ನೆಲ್ಲ ಬರ್ರವ್ವಾ ಬರ್ರೀ ಅಂತ ಕರೀತೀಯ. ನನ್ನೊಬ್ಳನ್ನ ಕರಿಯಾಕೆ ನಿನ್ ಬಾಯ್ಗೇನಾಗಿತ್ತೆ?”

ಅತ್ತೆ ಫೋನನ್ನು ಕಿವಿಗೊತ್ತಿಕೊಂಡು ಮತ್ತೆ ಕೇಳಿದರು. ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಇಷ್ಟು ದಿನ ಅವರು ಅಕ್ಕನಿಗಾಗಿ ಒಳಗೊಳಗೇ ಕೊರಗುತ್ತಿದ್ದರೆಂದು ಆಗಲೇ ನನಗೆ ಗೊತ್ತಾದದ್ದು. ನನಗೂ ಅಳು ಬಂತು.

“ಮೈಕು ಹಾಕವ್ವ,” ಎಂದರು. ಹಾಕಿದೆ.

“ಅಕ್ಕಾ, ಎಂಗಿದ್ದೀಯೆ? ಮಂಡಿನೋವು ಎಂಗದೆ? ನೀನೇನ್ ದೊಡ್ಡ ಮಾರಾಣಿ, ಒಡಹುಟ್ಟಿದೋಳ್ನ ಎರಡ್ನೇ ಪಂಕ್ತೀಲಿ ಕೂರ್ಸಿ ಬರೀ ಹಪ್ಪಳ ಹಾಕ್ಸಿದೋಳು. ನಿನ್ ಒಬ್ಬಟ್ಟು ನಿನ್ ಅಟ್ಟೀಲೇ ಹಳಸ್ಲಿ. ಬತ್ತೀಯೋ ಇಲ್ವೋ? ಬರ್ದಿದ್ರೆ ಅಲ್ಲೇ ಬಿದ್ದಿರು, ನಂಗೇನು. ಬಾ.”

ಇದನ್ನು ಹೀಗೇ ಕಳಿಸಿದರೆ ಇರುವ ಸಂಬಂಧವೂ ಕೆಡುತ್ತದೆ ಎಂದು ನನಗೆ ದಿಗಿಲಾಯಿತು. ಅತ್ತೆ ಎದ್ದು ಹೋದ ಮೇಲೆ ಒಂದೊಂದೇ ಬೈಗುಳ ಹಿಡಿದು ಕತ್ತರಿಸಿದೆ. ಉಳಿದದ್ದು ಇಷ್ಟು: ಅಕ್ಕಾ, ಎಂಗಿದ್ದೀಯೆ, ಮಂಡಿನೋವು ಎಂಗದೆ, ಬಾ. ಗದ್ದಲ ತೆಗೆದೆ. ಇಂಪಾಗಿರಲೆಂದು ದನಿಯನ್ನು ಒಂಚೂರು ತಗ್ಗಿಸಿದೆ. ಕೇಳಿದರೆ ಎಂಥ ಕಲ್ಲುಮನಸ್ಸೂ ಕರಗಬೇಕು, ಅಷ್ಟು ಚೆನ್ನಾಗಿತ್ತು. ಭಾಯಿಯ ಫೋನಿಗೆ ಕಳಿಸಿ, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮುಂದಿನ ಸರದಿ ಮುಗಿಸಿ ಬಂದ ಭಾಯಿಯ ಮುಖ ಬಾಡಿತ್ತು. ದೊಡ್ಡತ್ತೆಯ ಉತ್ತರವನ್ನು ನಮ್ಮಿಬ್ಬರ ಮುಂದೆಯೇ ಕೇಳಿಸಿದರು.

“ಇದ್ಯಾವುದೋ ಮಿಷಿನ್ನು ಕಣಪ್ಪ, ನನ್ ತಂಗಿ ಅಲ್ಲ. ಅವ್ಳು ಹುಟ್ಟಿದಾಗಿಂದ ನನ್ನ ಬೈದೆ ಒಂದ್ಸಲನೂ ಕರ್ದೋಳಲ್ಲ. ಬೈದಿಲ್ಲ ಅಂದ್ರೆ ಅವ್ಳು ಕರ್ದಿಲ್ಲ. ಸೊಸೆ ಮಾತಿಗೆಲ್ಲ ನಾನ್ ಬರಕ್ಕಿಲ್ಲ ಅಂತ ಏಳು.”

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು. “ನನ್ ಮಾತ್ನೆಲ್ಲ ಏನ್ ಮಾಡ್ದೆ?”

“ಗದ್ದಲ ಅಂತ ಅದೇ ತೆಗೆದುಬಿಡ್ತು ಅತ್ತೆ,” ಎಂದೆ.

“ಬಿಟ್ಟಿ ಬಂದಿದ್ದು ಅಂತ ನಾನಾಗ್ಲೇ ಏಳಿಲ್ವಾ?” ಎಂದು ಕಂಪ್ಯೂಟರನ್ನು ದುರುಗುಟ್ಟಿ ನೋಡಿದರು. ಪಾಪ, ಅದು ನನ್ನ ಪಾಲಿನ ಬೈಗುಳವನ್ನೂ ತಿಂದಿತು.

ಪುಣ್ಯಕ್ಕೆ ಕತ್ತರಿಸುವ ಮೊದಲಿನ ದನಿಯನ್ನು ಬೇರೆ ಉಳಿಸಿಟ್ಟಿದ್ದೆ. ಅತ್ತೆ ಕುರ್ಚಿ ಎಳೆದುಕೊಂಡು ನನ್ನ ಮಗ್ಗುಲಲ್ಲೇ ಕಾವಲು ಕೂತರು. “ಒಂದು ಬೈಗ್ಳನೂ ಮುಟ್ಟಬ್ಯಾಡ,” ಎಂದರು. ಮುಟ್ಟಲಿಲ್ಲ. ಈರುಳ್ಳಿಯ ಕೂಗಿದ್ದ ಪೆನ್‌ಡ್ರೈವಿಗೇ ಅದನ್ನೂ ಹಾಕಿ ಭಾಯಿಗೆ ಕೊಟ್ಟೆ. ಆಟೊದ ಪ್ಲೇಯರ್ ಒಳಗಿರುವುದನ್ನೆಲ್ಲ ಒಂದಾದ ಮೇಲೊಂದರಂತೆ ಮೈಕಿನಲ್ಲಿ ಹಾಡಿಸುತ್ತದೆ ಎಂಬುದು ನಿನಗೆ ಗೊತ್ತಿರಲಿಲ್ಲವಾ ಎಂದು ಆಮೇಲೆ ನಮ್ಮ ಯಜಮಾನರು ಕೇಳಿದರು. ನಾನು ಬಟ್ಟೆ ಒಣಹಾಕಲು ಮಹಡಿಗೆ ಹೋದೆ.

ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಆಟೊದ ಸುತ್ತ ನೆರೆದು ಒಬ್ಬಟ್ಟಿನ ಜಗಳ ಕೇಳಿದರಂತೆ. ಕೆಲವರು ಅತ್ತೆಯ ಪಕ್ಷ, ಕೆಲವರು ಎರಡನೇ ಪಂಕ್ತಿಗೆ ಒಪ್ಪಿಕೊಂಡು ಕೂತದ್ದೇ ತಪ್ಪು ಎನ್ನುವವರು. ಭಾಯಿ ನಾಚಿಕೆಯಿಂದ ಮೈಕು ನಿಲ್ಲಿಸಲು ಹೋದರೆ, ಪೂರ್ತಿ ಕೇಳಿಯೇ ಈರುಳ್ಳಿ ಕೊಳ್ಳುತ್ತೇವೆ ಎಂದು ಹೆಂಗಸರು ಬಿಡಲಿಲ್ಲವಂತೆ.

ಬೆಟ್ಟದಪುರದ ಸರದಿಯ ದಿನ ಅತ್ತೆ ಬೆಳಿಗ್ಗೆಯಿಂದ ಏನೂ ತಿನ್ನಲಿಲ್ಲ, ಯಾರನ್ನೂ ಬೈಯಲಿಲ್ಲ. ಗದ್ದಲವಿಲ್ಲದ ತುಣುಕು ಬೇಕಿದ್ದರೆ ಎಷ್ಟು ಬೇಕಾದರೂ ಹಿಡಿಯಬಹುದಿತ್ತು. ನನಗೆ ಮೌಸ್ ಮುಟ್ಟಲೂ ಮನಸ್ಸಾಗಲಿಲ್ಲ.

ಹೊತ್ತು ಇಳಿಯುವಾಗ ಬೀದಿಯ ತುದಿಯಲ್ಲಿ ಈರುಳ್ಳೀ ಎಂದು ಕೇಳಿತು. ಆಟೊ ನಮ್ಮ ಮನೆಯ ಮುಂದೆಯೇ ನಿಂತಿತು. ಭಾಯಿಯ ಪಕ್ಕದಿಂದ ದೊಡ್ಡತ್ತೆ ಇಳಿದರು. ಒಂದು ಕೈ ಮಂಡಿಯ ಮೇಲೆ, ಇನ್ನೊಂದರಲ್ಲಿ ಸ್ಟೀಲ್ ಡಬ್ಬಿ.

“ತಗಳೇ, ತಿನ್ನು,” ಎಂದು ಡಬ್ಬಿಯನ್ನು ತಂಗಿಯ ಕೈಗೆ ತುರುಕಿದರು. ಒಳಗೆ ಒಬ್ಬಟ್ಟಿತ್ತು. “ಊರ್ ತುಂಬ ನನ್ ಮಾನ ಕಳದ್ಬುಟ್ಟೆ.”

“ಇದ್ದಿದ್ರೆ ತಾನೆ ಕಳಿಯಾದು,” ಎಂದರು ನಮ್ಮತ್ತೆ. ಇಬ್ಬರೂ ಕೈ ಹಿಡಿದುಕೊಂಡೇ ಜಗಲಿಯ ಮೇಲೆ ಕೂತರು.

ಹೊರಗೆ ಆಟೊದ ಮೈಕು ಇನ್ನೂ ಅತ್ತೆಯ ದನಿಯಲ್ಲಿ ಬರ್ರವ್ವಾ ಬರ್ರೀ ಎನ್ನುತ್ತಲೇ ಇತ್ತು. ದೊಡ್ಡತ್ತೆ ಪಕ್ಕದಲ್ಲಿದ್ದ ತಂಗಿಯನ್ನು ಬಿಟ್ಟು ಆಟೊದ ಕಡೆ ತಿರುಗಿ ಗದರಿದರು.

“ಬಂದಿವ್ನಲ್ಲೇ, ಇನ್ನ್ಯಾಕೆ ಕೂಗೀಯೆ?”